ಹಗಲು ನಿದ್ದೆಗೆ ಮದ್ದು ಸಿದ್ಧವಾಗುತ್ತಿದೆ, ರೋಗಿ ಎಲ್ಲಿ?

ಕಾಸರಗೋಡು: ತರಗತಿಯಲ್ಲಿ ತೂಕಡಿಸುವ ಹುಡುಗನಿಗೆ ನಮ್ಮಲ್ಲಿ ಎರಡೇ ಹೆಸರು. ಮಾಸ್ಟ್ರಿಗೆ ಅವನ ಮೇಲೆ ಪ್ರೀತಿ ಇದ್ದರೆ ಕುಂಭಕರ್ಣ, ಇಲ್ಲದಿದ್ದರೆ ಸೋಮಾರಿ. ಮುಖ ತೊಳೆದು ಬಾ ಎಂದು ನಳ್ಳಿಯ ಹತ್ತಿರ ಕಳುಹಿಸುತ್ತಾರೆ, ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ನಿಂತಲ್ಲೇ ತೂಕಡಿಸಿದರೆ ಇಡೀ ಕ್ಲಾಸು ನಗುತ್ತದೆ. ಮನೆಯಲ್ಲಿ ಮೊಬೈಲಿಗೆ ಬೈಗುಳ ಬೀಳುತ್ತದೆ.

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ರಾತ್ರಿ ನಿದ್ದೆ ಸಾಲದು, ಅಷ್ಟೆ. ಆದರೆ ಅವರ ನಡುವೆ ಅಲ್ಲೊಬ್ಬ ಇಲ್ಲೊಬ್ಬಳು ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ ಬೆಳಿಗ್ಗೆ ಹತ್ತಕ್ಕೆ ಕಣ್ಣು ತಾನಾಗಿ ಮುಚ್ಚುವವರಿದ್ದಾರೆ. ಅವರ ಮೆದುಳಿನಲ್ಲಿ ಎಚ್ಚರವನ್ನು ಹಿಡಿದಿಡುವ ಒಂದು ರಾಸಾಯನಿಕ ಬತ್ತಿಹೋಗಿರುತ್ತದೆ. ರೋಗದ ಹೆಸರು ನಾರ್ಕೊಲೆಪ್ಸಿ. ಫ್ರಾನ್ಸಿನ ವೈದ್ಯ ಜೆಲಿನೋ 1880ರಲ್ಲಿ ಇಟ್ಟ ಹೆಸರು ಇದು. ಈ ರೋಗದ ಮೂಲಕ್ಕೇ ಕೈಹಾಕುವ ಔಷಧವೊಂದು 2025ರಲ್ಲಿ ಪರೀಕ್ಷೆಯ ಕೊನೆಯ ಹಂತವನ್ನು ದಾಟಿತು. ನಿದ್ರಾ ವಿಜ್ಞಾನದಲ್ಲಿ ಇಷ್ಟು ದೊಡ್ಡ ಸುದ್ದಿ ಅಪರೂಪ. ಗಡಿನಾಡಿನ ನಮಗೆ ಅದರಿಂದ ಏನು ಸಿಗಬಹುದು, ಏನು ಸಿಗಲಾರದು ಎಂಬುದನ್ನು ನೋಡುವುದೇ ಈ ಬರಹದ ಉದ್ದೇಶ.

ಮೊದಲು ಲಕ್ಷಣಗಳನ್ನು ಹೇಳಿಬಿಡುತ್ತೇನೆ. ಹಗಲಿನ ತಡೆಯಲಾಗದ ನಿದ್ದೆ ಒಂದು. ಎರಡನೆಯದು ಈ ರೋಗದ ಗುರುತಿನ ಚೀಟಿ ಎನ್ನಬಹುದಾದ ಕ್ಯಾಟಪ್ಲೆಕ್ಸಿ. ಜೋರಾಗಿ ನಕ್ಕಾಗ, ಅನಿರೀಕ್ಷಿತವಾಗಿ ಸಂತೋಷವಾದಾಗ, ಕೆಲವೊಮ್ಮೆ ಸಿಟ್ಟು ಬಂದಾಗ ಮೊಣಕಾಲು ಕುಸಿಯುತ್ತದೆ, ದವಡೆ ಜೋಲುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅಷ್ಟೂ ಹೊತ್ತು ಪ್ರಜ್ಞೆ ಇರುತ್ತದೆ, ಸುತ್ತಲಿನವರ ಮಾತು ಕೇಳಿಸುತ್ತದೆ. ನೋಡಿದವರು ಮಾತ್ರ ಇದನ್ನು ಅಪಸ್ಮಾರ ಎಂದುಕೊಂಡು ಕೈಗೆ ಕಬ್ಬಿಣ ಹಿಡಿಸುತ್ತಾರೆ. ಮೂರನೆಯದಾಗಿ, ನಿದ್ದೆ ಹತ್ತುವಾಗ ಇಲ್ಲವೇ ಏಳುವಾಗ ಮೈ ಅಲ್ಲಾಡಿಸಲು ಆಗದ ಸ್ಥಿತಿ, ಜತೆಗೆ ಎದೆಯ ಮೇಲೆ ಯಾರೋ ಕೂತಂತೆ, ಕೋಣೆಯಲ್ಲಿ ಯಾರೋ ನಿಂತಂತೆ ಕಾಣುವುದು. ಆರೋಗ್ಯವಂತರಿಗೂ ವರ್ಷಕ್ಕೊಮ್ಮೆ ಎರಡು ಬಾರಿ ಹೀಗಾಗುವುದುಂಟು. ಆದರೆ ವಾರ ವಾರವೂ ಆಗುವ ಹುಡುಗಿಯ ಕತೆ ನಮ್ಮ ಕಡೆ ಕುಲೆ ಉಪದ್ರ ಎಂದಾಗಿ, ನೂಲು ಕಟ್ಟಿಸುವಲ್ಲಿಗೆ ಹೋಗಿ ನಿಲ್ಲುತ್ತದೆ. ಕನಸು ಕಾಣುವ ಹಂತದ ನಿದ್ದೆ ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರದೊಳಗೆ ನುಗ್ಗುವುದೇ ಇವೆಲ್ಲಕ್ಕೂ ಕಾರಣ. ಕನಸಿನ ಹೊತ್ತಿನಲ್ಲಿ ದೇಹದ ಸ್ನಾಯುಗಳು ಸಡಿಲವಾಗಿರುವುದು ಸಹಜ. ಅದೇ ಸಡಿಲಿಕೆ ಹಗಲಲ್ಲಿ, ನಗುವಿನ ನಡುವೆ ಬಂದರೆ ಮನುಷ್ಯ ಕುಸಿಯುತ್ತಾನೆ.

ನಾಯಿ, ಇಲಿ ಮತ್ತು ಎರಡು ಹೆಸರಿನ ರಾಸಾಯನಿಕ

ಕಾರಣ ಸಿಕ್ಕಿದ ಕತೆ ಸ್ವಾರಸ್ಯಕರವಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೆಮೆಂಟ್ ಎಂಬ ನಿದ್ರಾ ವಿಜ್ಞಾನಿ 1970ರ ದಶಕದಿಂದ ನಾರ್ಕೊಲೆಪ್ಸಿ ಇದ್ದ ಡಾಬರ್‌ಮನ್ ನಾಯಿಗಳನ್ನು ಸಾಕಿದ್ದರು. ತಿಂಡಿ ಕಂಡ ಖುಷಿಗೇ ಕಾಲು ಮಡಚಿ ಬೀಳುವ ನಾಯಿಗಳು ಅವು. ಅವುಗಳ ವಂಶವಾಹಿಯಲ್ಲಿ ದೋಷ ಎಲ್ಲಿದೆ ಎಂದು ಅಲ್ಲೇ ಎಮಾನುಯೆಲ್ ಮಿನ್ಯೊ ವರ್ಷಗಟ್ಟಲೆ ಹುಡುಕಿದರು.

ಇತ್ತ 1998ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ತಂಡಗಳು ಮೆದುಳಿನ ಹೈಪೊಥಾಲಮಸ್ ಎಂಬ ಭಾಗದಲ್ಲಿ ಹೊಸ ರಾಸಾಯನಿಕವೊಂದನ್ನು ಕಂಡುಹಿಡಿದವು. ಒಂದು ತಂಡ ಹೈಪೊಕ್ರೆಟಿನ್ ಎಂದಿತು. ಡಲ್ಲಾಸಿನಲ್ಲಿದ್ದ ಜಪಾನಿನ ಮಸಾಶಿ ಯನಗಿಸಾವ ಅವರ ತಂಡ, ಇದು ಹಸಿವಿಗೆ ಸಂಬಂಧಿಸಿದ್ದು ಎಂದು ಭಾವಿಸಿ ಒರೆಕ್ಸಿನ್ ಎಂದಿತು. ವಸ್ತು ಒಂದೇ. ಒಂದೇ ಊರಿಗೆ ಮಂಜೇಶ್ವರ, ಮಂಜೇಶ್ವರಂ ಎಂದು ಎರಡು ಬೋರ್ಡು ನೋಡಿ ಬೆಳೆದ ನಮಗೆ ಇದೇನೂ ಹೊಸತಲ್ಲ. ಈ ಬರಹದಲ್ಲಿ ಒರೆಕ್ಸಿನ್ ಎಂದೇ ಕರೆಯೋಣ.

ಒರೆಕ್ಸಿನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದ ಯನಗಿಸಾವ ತಂಡ ಅವು ಎಷ್ಟು ತಿನ್ನುತ್ತವೆ ಎಂದು ನೋಡಲು ಕಾದಿತ್ತು. ರಾತ್ರಿ ಕತ್ತಲಲ್ಲಿ ಕ್ಯಾಮರಾ ಇಟ್ಟು ಚಿತ್ರೀಕರಿಸಿದಾಗ ಕಂಡದ್ದೇ ಬೇರೆ. ಓಡಾಡುತ್ತಿದ್ದ ಇಲಿಗಳು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಿದ್ದವು. ಅದೇ 1999ರಲ್ಲಿ ಮಿನ್ಯೊ ಅವರಿಗೂ ಡಾಬರ್‌ಮನ್‌ಗಳ ದೋಷ ಸಿಕ್ಕಿತು. ಒರೆಕ್ಸಿನ್ ಬಂದು ಕೂರಬೇಕಾದ ಗ್ರಾಹಕ ಆ ನಾಯಿಗಳಲ್ಲಿ ಕೆಟ್ಟಿತ್ತು. ಮರುವರ್ಷ ಮೃತ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ ಮನುಷ್ಯರ ಗುಟ್ಟೂ ಬಯಲಾಯಿತು. ಆರೋಗ್ಯವಂತರಲ್ಲಿ ಸುಮಾರು 70 ಸಾವಿರ ಇರುವ ಒರೆಕ್ಸಿನ್ ಕೋಶಗಳಲ್ಲಿ ಶೇ. 85ರಿಂದ 95ರಷ್ಟು ಇವರಲ್ಲಿ ಇಲ್ಲವಾಗಿದ್ದವು. ನಾಯಿಯಲ್ಲಿ ಬೀಗ ಹಾಳಾಗಿತ್ತು, ಮನುಷ್ಯನಲ್ಲಿ ಬೀಗ ಸರಿಯಿದ್ದು ಕೀಲಿಕೈ ಕಳೆದಿತ್ತು. ಮದ್ದಿನ ದೃಷ್ಟಿಯಿಂದ ಈ ವ್ಯತ್ಯಾಸ ದೊಡ್ಡದು. ಬೀಗ ಸರಿಯಿದ್ದರೆ ನಕಲಿ ಕೀಲಿಕೈ ಮಾಡಿಸಬಹುದು. ಯನಗಿಸಾವ ಮತ್ತು ಮಿನ್ಯೊ ಅವರಿಗೆ ಈ ಕೆಲಸಕ್ಕಾಗಿ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಸಂದಿದೆ.

ಕೋಶಗಳು ಸಾಯುವುದೇಕೆ? ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಅವುಗಳ ಮೇಲೆ ಎರಗುತ್ತದೆ ಎಂಬುದು ಈಗ ಬಲವಾಗಿರುವ ಅಭಿಪ್ರಾಯ. 2018ರಲ್ಲಿ ಸ್ವಿಸ್ ಸಂಶೋಧಕರು ರೋಗಿಗಳ ರಕ್ತದಲ್ಲಿ ಒರೆಕ್ಸಿನ್ ವಿರುದ್ಧವೇ ಕೆರಳುವ ಬಿಳಿ ಕಣಗಳನ್ನು ತೋರಿಸಿದರು. ಇದಕ್ಕೂ ಮೊದಲು ಯುರೋಪಿನಲ್ಲಿ ನಡೆದ ಒಂದು ಘಟನೆಯನ್ನು ಮರೆಮಾಚದೆ ಹೇಳಬೇಕು, ಏಕೆಂದರೆ ಅರ್ಧಂಬರ್ಧ ರೂಪದಲ್ಲಿ ಅದು ವಾಟ್ಸಾಪಿನಲ್ಲಿ ಬರುವ ಸಂಭವ ಇದೆ. 2009ರ ಹಂದಿಜ್ವರದ ಕಾಲದಲ್ಲಿ ಯುರೋಪಿನ ಸುಮಾರು 3 ಕೋಟಿ ಮಂದಿಗೆ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಹಾಕಲಾಯಿತು. 2010ರ ಆಗಸ್ಟ್ ಹೊತ್ತಿಗೆ ಫಿನ್ಲೆಂಡ್ ಮತ್ತು ಸ್ವೀಡನ್‌ನಲ್ಲಿ ಮಕ್ಕಳಿಗೆ ನಾರ್ಕೊಲೆಪ್ಸಿ ಬರುತ್ತಿರುವುದು ವೈದ್ಯರ ಗಮನಕ್ಕೆ ಬಂತು. ಮುಂದಿನ ವರ್ಷಗಳಲ್ಲಿ ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಅದೇ ಸಮಯದಲ್ಲಿ, ಲಸಿಕೆ ಹಾಕಿಸಿಕೊಂಡವರು ತೀರಾ ಕಡಿಮೆ ಇದ್ದ ಚೀನಾದಲ್ಲೂ ಹಂದಿಜ್ವರದ ಅಲೆಯ ಬೆನ್ನಿಗೇ ನಾರ್ಕೊಲೆಪ್ಸಿ ಏರಿದ್ದನ್ನು ಬೀಜಿಂಗಿನ ವೈದ್ಯರು ವರದಿ ಮಾಡಿದರು. ಅಂದರೆ ವೈರಸ್ಸಿನಿಂದಲೂ ಕಿಡಿ ಹತ್ತಬಹುದು, ಆ ಒಂದು ಲಸಿಕೆಯಿಂದಲೂ ಹತ್ತಿತು. ನಿರ್ದಿಷ್ಟ ವಂಶವಾಹಿ ಗುರುತು ಇದ್ದವರಿಗೇ ಅದು ತಗುಲಿದ್ದು. ಪ್ಯಾಂಡೆಮ್ರಿಕ್ಸ್ ಬಳಕೆಯಿಂದ ಹೋಗಿ ವರ್ಷಗಳಾದವು. ನಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಅದು ಎಂದೂ ಇರಲಿಲ್ಲ. ಹಾಗಾಗಿ ಈ ಕತೆಯನ್ನು ಹಿಡಿದುಕೊಂಡು ದಡಾರದ ಚುಚ್ಚುಮದ್ದು ತಪ್ಪಿಸುವುದು ಮೂರ್ಖತನ.

ನಕಲಿ ಕೀಲಿಕೈ

ಇದುವರೆಗಿನ ಮದ್ದುಗಳು ಕೊರತೆಯನ್ನು ತುಂಬುವಂಥವಲ್ಲ. ಎಚ್ಚರ ಹೆಚ್ಚಿಸುವ ಮೊಡಾಫಿನಿಲ್ ಅಮೆರಿಕದಲ್ಲಿ 1998ರಿಂದ ಇದೆ, ನಮ್ಮ ದೇಶದಲ್ಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಇದು ಕುಗ್ಗಿಸುತ್ತದೆ ಎಂಬುದನ್ನು ಮಹಿಳೆಯರು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಕ್ಯಾಟಪ್ಲೆಕ್ಸಿಗೆ ಖಿನ್ನತೆಯ ಹಳೆಯ ಗುಳಿಗೆಗಳನ್ನೇ ಕೊಡುವ ರೂಢಿ ಇದೆ, ಅವು ಕೆಲಸವನ್ನೂ ಮಾಡುತ್ತವೆ. ಸೋಡಿಯಂ ಆಕ್ಸಿಬೇಟ್, ಪಿಟೊಲಿಸಂಟ್ ಎಂಬ ಔಷಧಗಳು ಪಾಶ್ಚಾತ್ಯ ದೇಶಗಳಲ್ಲಿ ಬಳಕೆಯಲ್ಲಿವೆ. ಆದರೆ ಇವೆಲ್ಲ ಬಾಗಿಲು ತೆರೆಯದೆ ಕಿಟಕಿಯಿಂದ ಬೆಳಕು ಬಿಡುವ ಉಪಾಯಗಳು.

ಒರೆಕ್ಸಿನ್ನನ್ನೇ ಗುಳಿಗೆ ಮಾಡಿ ನುಂಗಿಸಿದರೆ ಅದು ಮೆದುಳು ತಲುಪುವುದಿಲ್ಲ. ಆದ್ದರಿಂದ ಅದರ ಬೀಗಕ್ಕೆ ಹೊಂದುವ ಚಿಕ್ಕ ಅಣುವನ್ನು ಹುಡುಕಬೇಕಾಯಿತು. ಇಲ್ಲೊಂದು ವಿಚಿತ್ರ ಗಮನಿಸಿ. ಒರೆಕ್ಸಿನ್ ಬೀಗವನ್ನು ಮುಚ್ಚಿ ನಿದ್ದೆ ಬರಿಸುವ ಗುಳಿಗೆಗೆ ಅಮೆರಿಕದಲ್ಲಿ 2014ರಲ್ಲೇ ಅನುಮತಿ ಸಿಕ್ಕಿತು. ಅದೇ ಬೀಗವನ್ನು ತೆರೆಯುವ ಗುಳಿಗೆ ಕೊನೆಯ ಹಂತದ ಪರೀಕ್ಷೆ ಮುಗಿಸಲು 2025 ಆಗಬೇಕಾಯಿತು. ಮುಚ್ಚುವ ಅಣುವಿಗಿಂತ ತೆರೆಯುವ ಅಣುವನ್ನು ಮಾಡುವುದು ಕಷ್ಟ ಎಂಬುದು ನಿಜ. ನಿದ್ದೆ ಬಾರದ ಗಿರಾಕಿಗಳು ಕೋಟಿಗಟ್ಟಲೆ, ನಾರ್ಕೊಲೆಪ್ಸಿಯವರು ಬೆರಳೆಣಿಕೆ ಎಂಬುದೂ ಅಷ್ಟೇ ನಿಜ. ಕಂಪೆನಿಗಳ ಲೆಕ್ಕದಲ್ಲಿ ಎರಡನೆಯದು ಸಣ್ಣ ಕಾರಣ ಆಗಿರಲಾರದು.

ಜಪಾನಿನ ಟಕೇಡಾ ಕಂಪೆನಿಯ ಮೊದಲ ಪ್ರಯತ್ನ ಅರ್ಧದಲ್ಲೇ ನಿಂತಿತು. ರೋಗಿಗಳು ಎಚ್ಚರವಾಗಿದ್ದರು, ಆದರೆ ಕೆಲವರ ಯಕೃತ್ತಿಗೆ ಏಟು ಬಿತ್ತು. 2021ರ ಅಕ್ಟೋಬರಿನಲ್ಲಿ ಪರೀಕ್ಷೆಯನ್ನು ನಿಲ್ಲಿಸಿದರು. ಎರಡನೆಯ ಅಣುವಿನ ಹೆಸರು ಓವೆಪೊರೆಕ್ಸ್‌ಟನ್. 112 ರೋಗಿಗಳ ಮೇಲೆ ಎಂಟು ವಾರ ನಡೆದ ಪರೀಕ್ಷೆಯ ಫಲಿತಾಂಶ 2025ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ಈ ಪರೀಕ್ಷೆಯಲ್ಲಿ ಅಳತೆ ಹೀಗೆ: ಮಂದ ಬೆಳಕಿನ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ನಿದ್ದೆ ಮಾಡಬೇಡಿ ಎಂದು ಹೇಳಿ 40 ನಿಮಿಷ ಕಾಯುತ್ತಾರೆ. ಆರೋಗ್ಯವಂತರು ಸರಾಸರಿ 30 ನಿಮಿಷದಷ್ಟು ಎಚ್ಚರ ಇರುತ್ತಾರೆ. ಈ ರೋಗಿಗಳು ಕೆಲವೇ ನಿಮಿಷಗಳಲ್ಲಿ ನಿದ್ದೆಗೆ ಜಾರುತ್ತಾರೆ. ದಿನಕ್ಕೆ ಎರಡು ಬಾರಿ 2 ಮಿಲಿಗ್ರಾಂ ಪಡೆದವರ ಎಚ್ಚರದ ಅವಧಿ ಸರಾಸರಿ 23.5 ನಿಮಿಷ ಹೆಚ್ಚಿತು. ಸಕ್ಕರೆ ಗುಳಿಗೆಯಂಥ ಹುಸಿಮದ್ದು ಪಡೆದವರಲ್ಲಿ ಹೆಚ್ಚುವ ಬದಲು 1.2 ನಿಮಿಷ ಇಳಿದಿತ್ತು. ಸುಮಾರು ಅರ್ಧದಷ್ಟು ಮಂದಿಗೆ ರಾತ್ರಿ ನಿದ್ದೆ ಕೆಟ್ಟಿತು, ಅದು ಬಹುತೇಕ ಮೊದಲ ವಾರದಲ್ಲೇ ಸರಿಹೋಯಿತು. ಮೂರರಲ್ಲಿ ಒಬ್ಬರಿಗೆ ಪದೇಪದೇ ಮೂತ್ರದ ಅವಸರ. ಯಕೃತ್ತಿನ ತೊಂದರೆ ಕಾಣಲಿಲ್ಲ. 2025ರ ಜುಲೈಯಲ್ಲಿ, 19 ದೇಶಗಳಲ್ಲಿ ನಡೆದ ಎರಡು ಕೊನೆಯ ಹಂತದ ಪರೀಕ್ಷೆಗಳೂ ಸಫಲವಾದವು ಎಂದು ಕಂಪೆನಿ ಪ್ರಕಟಿಸಿತು. ಅಮೆರಿಕ ಮತ್ತಿತರ ಕಡೆ 2025-26ರ ಆರ್ಥಿಕ ವರ್ಷದೊಳಗೆ ಅನುಮತಿ ಕೋರುವುದಾಗಿಯೂ ಹೇಳಿತ್ತು. ಇತರ ಕಂಪೆನಿಗಳೂ ಇದೇ ಹಾದಿಯಲ್ಲಿವೆ.

ಎರಡು ಎಚ್ಚರಿಕೆ ಅಗತ್ಯ. ಇದು ಕೋಶಗಳನ್ನು ಮರಳಿ ಬೆಳೆಸುವುದಿಲ್ಲ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದ್ದಂತೆ ದಿನವೂ ಬೇಕು. ಅಲ್ಲದೆ ಈ ಕೊನೆಯ ಹಂತದ ಪರೀಕ್ಷೆ ನಡೆದದ್ದು ಒಂದನೇ ಬಗೆಯ, ಅಂದರೆ ಒರೆಕ್ಸಿನ್ ಬತ್ತಿದ, ಕ್ಯಾಟಪ್ಲೆಕ್ಸಿ ಇರುವ ರೋಗಿಗಳ ಮೇಲೆ ಮಾತ್ರ. ಎರಡನೇ ಬಗೆಯವರಿಗೆ ಹಗಲು ನಿದ್ದೆ ಇರುತ್ತದೆ, ಕ್ಯಾಟಪ್ಲೆಕ್ಸಿ ಇರುವುದಿಲ್ಲ, ಒರೆಕ್ಸಿನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅವರ ಕತೆ ಇನ್ನೂ ಗೋಜಲು.

ಹೆಸರು ತಿಳಿಯುವ ಮೊದಲೇ ಶಾಲೆ ಮುಗಿದಿರುತ್ತದೆ

ಪಾಶ್ಚಾತ್ಯ ದೇಶಗಳ ಅಂದಾಜಿನ ಪ್ರಕಾರ ಲಕ್ಷಕ್ಕೆ 25ರಿಂದ 50 ಮಂದಿಗೆ ಈ ರೋಗ ಇದೆ. 2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ. ಆ ಅಂದಾಜು ಇಲ್ಲಿಗೂ ಹೊಂದುವುದಾದರೆ ನಮ್ಮ ಜಿಲ್ಲೆಯಲ್ಲೇ 325ರಿಂದ 650 ರೋಗಿಗಳು ಇರಬೇಕು. ನೀವು ಎಷ್ಟು ಮಂದಿಯ ಬಗ್ಗೆ ಕೇಳಿದ್ದೀರಿ? ನಾನು ವರದಿಗಾಗಿ ಸುತ್ತಿದ ಇಷ್ಟು ವರ್ಷಗಳಲ್ಲಿ ಒಬ್ಬರ ಬಗ್ಗೆಯೂ ಕೇಳಿಲ್ಲ. ರೋಗ ಶುರುವಾಗುವುದು ಹೆಚ್ಚಾಗಿ ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ. ಸಕಲ ಸೌಲಭ್ಯಗಳಿರುವ ದೇಶಗಳಲ್ಲೂ ಲಕ್ಷಣ ಕಂಡು ರೋಗದ ಹೆಸರು ತಿಳಿಯುವುದಕ್ಕೆ ಎಂಟು, ಹತ್ತು, ಹದಿನೈದು ವರ್ಷ ಹಿಡಿದ ದಾಖಲೆಗಳಿವೆ. ಆ ಹೊತ್ತಿಗೆ ಶಾಲೆ ಮುಗಿದಿರುತ್ತದೆ, ಕೆಲಸಕ್ಕೆ ಬಾರದವ ಎಂಬ ಪಟ್ಟವೂ ಗಟ್ಟಿಯಾಗಿರುತ್ತದೆ.

ಹೊಸ ಮದ್ದಿನ ಸುದ್ದಿಗಿಂತ ಈ ಎಂಟು ಹತ್ತು ವರ್ಷಗಳೇ ನನಗೆ ಮುಖ್ಯವಾಗಿ ಕಾಣುತ್ತವೆ. ಗುಳಿಗೆ ಅಂಗಡಿಗೆ ಬಂದರೂ ಚೀಟಿ ಬರೆಯಬೇಕಾದರೆ ರೋಗ ಗುರುತಿಸಬೇಕು. ಅದು ಸುಲಭದ ಕೆಲಸವಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ತಲೆಗೆ ವಯರು ಹಚ್ಚಿ ಮಲಗಿಸಬೇಕು. ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಬಾರಿ ಮಲಗಲು ಬಿಟ್ಟು, ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಬಂತೇ, ಕನಸಿನ ನಿದ್ದೆ ಹದಿನೈದು ನಿಮಿಷದೊಳಗೆ ಎರಡು ಬಾರಿಯಾದರೂ ಕಾಣಿಸಿತೇ ಎಂದು ನೋಡಬೇಕು. ಸಾಮಾನ್ಯರಲ್ಲಿ ಕನಸಿನ ನಿದ್ದೆ ಬರುವುದು ಸುಮಾರು 90 ನಿಮಿಷದ ಮೇಲೆ. ಬೆನ್ನುಹುರಿಯ ನೀರು ತೆಗೆದು ಒರೆಕ್ಸಿನ್ ಅಳೆಯುವ ದಾರಿಯೂ ಇದೆ, ಆದರೆ ಅದು ಎಲ್ಲ ಕಡೆ ನಡೆಯುವಂಥದ್ದಲ್ಲ. ನಮ್ಮ ಪೇಟೆಗಳ ನಿದ್ರಾ ಪ್ರಯೋಗಾಲಯಗಳು ಹುಟ್ಟಿಕೊಂಡದ್ದು ಮುಖ್ಯವಾಗಿ ಗೊರಕೆಯವರಿಗಾಗಿ. ಹಗಲಿನ ಪರೀಕ್ಷೆ ಮಾಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಸಂಸ್ಥೆಗಳಲ್ಲಿ ಈ ವಿಷಯ ಬಲ್ಲವರಿದ್ದಾರೆ.

ಆದರೆ ಅಲ್ಲಿಗೆ ಹೋಗುವ ಮೊದಲಿನ ಮೆಟ್ಟಿಲಿನಲ್ಲೇ ನಾವು ಎಡವುತ್ತೇವೆ. ಅದು ಮಾತಿನ ಮೆಟ್ಟಿಲು. ಜಗತ್ತಿನಾದ್ಯಂತ ಹಗಲು ನಿದ್ದೆ ಅಳೆಯಲು ಬಳಸುವುದು ಎಪ್‌ವರ್ತ್ ಪ್ರಶ್ನಾವಳಿ. ಮೆಲ್ಬರ್ನಿನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಮಾಡಿದ್ದು. ಎಂಟು ಸಂದರ್ಭಗಳು, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು ಹತ್ತು ದಾಟಿದರೆ ನಿದ್ದೆ ಅತಿಯಾಯಿತು ಎಂದರ್ಥ. ಸಂದರ್ಭಗಳನ್ನು ನೋಡಿ: ಟ್ರಾಫಿಕ್‌ನಲ್ಲಿ ಕಾರು ನಿಂತಾಗ, ಕಾರಿನಲ್ಲಿ ಒಂದು ಗಂಟೆ ಪ್ರಯಾಣಿಸುವಾಗ, ಕೂತು ಓದುವಾಗ. ಕಾರೇ ಇಲ್ಲದ, ಪೇಪರು ಓದುವ ಅಭ್ಯಾಸವಿಲ್ಲದ ಅಡಿಕೆ ಸುಲಿಯುವ ಹೆಂಗಸಿಗೆ ಇವು ಅನ್ವಯಿಸುವುದು ಹೇಗೆ? ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಅರ್ಧ ಬಸ್ಸು ನಿದ್ದೆ ಹೊಡೆಯುತ್ತದೆ, ಅವರೆಲ್ಲರೂ ರೋಗಿಗಳೇ? ಈ ತೊಡಕು ಬೇರೆ ಕಡೆಯವರಿಗೂ ಕಂಡಿದೆ. ಪೆರು ದೇಶದಲ್ಲಿ ವಾಹನ ಚಲಾಯಿಸದವರಿಗಾಗಿ ಪ್ರಶ್ನೆಗಳನ್ನು ಬದಲಿಸಿದರು. ಉತ್ತರ ಭಾರತದಲ್ಲಿ ಹಿಂದಿಯಲ್ಲಿ ತಿದ್ದಿದ ಪ್ರಶ್ನಾವಳಿ ಬಂದಿದೆ.

ಗಡಿನಾಡಿನಲ್ಲಿ ಇನ್ನೊಂದು ಸುತ್ತು ಜಾಸ್ತಿ. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುವ ತಾಯಿ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳುವ ಮೊದಲ ಪದ ‘ಕ್ಷೀಣಂ’. ಅದು ಸುಸ್ತು. ಸುಸ್ತು ಎಂದರೆ ವೈದ್ಯರು ರಕ್ತ ಪರೀಕ್ಷೆ ಬರೆಯುತ್ತಾರೆ, ಥೈರಾಯ್ಡ್ ನೋಡುತ್ತಾರೆ, ಕಬ್ಬಿಣದ ಗುಳಿಗೆ ಕೊಡುತ್ತಾರೆ. ಅದು ಅವರ ತಪ್ಪಲ್ಲ. ಕೆಲಸ ಮಾಡಲು ಶಕ್ತಿ ಸಾಲದಿರುವುದು ಸುಸ್ತು, ಕೂತಲ್ಲೇ ನಿಜವಾಗಿ ನಿದ್ದೆ ಹೋಗುವುದು ನಿದ್ದೆ. ನಿದ್ರಾ ವೈದ್ಯಶಾಸ್ತ್ರ ಮೊದಲು ಬಿಡಿಸುವ ಗಂಟೇ ಇದು. ಅದು ಬಿಡಿಸಲಾಗದೆ ಹುಡುಗಿ ಮೂರು ವರ್ಷ ಕಬ್ಬಿಣದ ಗುಳಿಗೆ ನುಂಗುತ್ತಾಳೆ.

ಹಗಲು ನಿದ್ದೆಯವರೆಲ್ಲ ನಾರ್ಕೊಲೆಪ್ಸಿ ಎಂದು ಗಾಬರಿಯಾಗುವುದೂ ಬೇಡ. ನಸುಕಿಗೆ ತಲೆಗೆ ಲೈಟು ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ ಮಧ್ಯಾಹ್ನ ನಿದ್ದೆ ಬರಲೇಬೇಕು. ಬಯಲಾಟ ನೋಡಿದ ಮರುದಿನ ಇಡೀ ಊರೇ ತೂಕಡಿಸುತ್ತದೆ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವವರು ಹಗಲು ನಿದ್ದೆಯವರಲ್ಲಿ ದೊಡ್ಡ ಪಾಲು, ಅವರಿಗೆ ಬೇರೆಯೇ ಚಿಕಿತ್ಸೆ ಇದೆ. ಶೀತಕ್ಕೆ ನುಂಗುವ ಗುಳಿಗೆಯೂ ನಿದ್ದೆ ತರುತ್ತದೆ. ಒಂದು ವಾರ ಚೆನ್ನಾಗಿ ಮಲಗಿದ ಮೇಲೆ ಸರಿಹೋದರೆ ಅದು ಬಾಕಿ ಉಳಿದ ನಿದ್ದೆಯ ಸಾಲ. ಚೆನ್ನಾಗಿ ಮಲಗಿದರೂ ಮೂರು ತಿಂಗಳಿಂದ ಬಿಡದೆ ಕಾಡುತ್ತಿದ್ದರೆ, ಜತೆಗೆ ನಗುವಾಗ ಕಾಲು ಕುಸಿದರೆ ನರರೋಗ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ಬೈಕು, ಆಟೋ ಓಡಿಸುವುದನ್ನು ನಿಲ್ಲಿಸಬೇಕು.

ಕಾನೂನಿನ ವಿಚಾರ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ದೀರ್ಘಕಾಲದ ನರರೋಗ ಎಂಬ ವಿಭಾಗ ಇದೆ. ಉದಾಹರಣೆಯಾಗಿ ಹೆಸರಿಸಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಎರಡನ್ನು. ನಾರ್ಕೊಲೆಪ್ಸಿಯ ಹೆಸರಿಲ್ಲ. ‘ಮುಂತಾದ’ ಎಂಬರ್ಥದ ಪದ ಇರುವುದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ತಟ್ಟುವವರು ಬೇಕು. ಅತ್ತ ಶಾಲೆಯಲ್ಲಿ ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷ ಮಲಗಲು ಬಿಡುವುದಕ್ಕೆ ಯಾವ ಆದೇಶವೂ ಬೇಡ. ನಿಗದಿತ ಹೊತ್ತಿನ ಇಂಥ ಚಿಕ್ಕ ನಿದ್ದೆ ಈ ರೋಗಕ್ಕೆ ವೈದ್ಯರೇ ಸೂಚಿಸುವ ಚಿಕಿತ್ಸೆಯ ಭಾಗ. ಸ್ಟಾಫ್ ರೂಮಿನ ಒಂದು ಬೆಂಚು ಸಾಕು.

ಸಂಶಯ ಇರುವವರು ಆಸ್ಪತ್ರೆಗೆ ಹೋಗುವಾಗ ಎರಡು ವಾರ ಮಲಗಿದ, ಎದ್ದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಮಗು ನಗುವಾಗ ಕುಸಿಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ವೈದ್ಯರಿಗೆ ಅದು ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಮಲಯಾಳದಲ್ಲಿ ಹೇಳುವುದಾದರೆ ಎರಡು ವಾಕ್ಯ ನೆನಪಿರಲಿ: ‘ಕ್ಷೀಣಮಲ್ಲ, ಉರಕ್ಕಮಾಣ್. ಚಿರಿಕ್ಕುಂಬೋಳ್ ಮುಟ್ಟು ಕುಳಯುನ್ನು.’ ಸುಸ್ತಲ್ಲ, ನಿದ್ದೆ. ನಗುವಾಗ ಮೊಣಕಾಲು ಕುಸಿಯುತ್ತದೆ.